ಅಳುವ ಡ್ರೈವರ್

ನಾನು ಮೊದಲ ಸಲ ಅತ್ತದ್ದು ಸುಳ್ಯದ ಬಸ್ ನಿಲ್ದಾಣದಲ್ಲಿ, ಬೆಳಗ್ಗೆ ಹನ್ನೊಂದು ಗಂಟೆಗೆ, ಬಸ್ಸಿನ ತುಂಬ ಜನ ಕೂತಿರುವಾಗ. ಎಂಜಿನ್ ಚಾಲೂ ಮಾಡಿ ಗೇರಿನ ಮೇಲೆ ಕೈ ಇಟ್ಟಿದ್ದೆ. ಕೈ ಮುಂದೆ ಹೋಗಲಿಲ್ಲ. ಎದುರಿನ ಗಾಜು ಮಸುಕಾಯಿತು. ಗಾಜಿಗೆ ಏನೋ ಆಗಿದೆ ಎಂದು ಬಟ್ಟೆ ತೆಗೆದು ಒರೆಸಿದೆ. ಮಸುಕು ಹಾಗೆಯೇ ಇತ್ತು. ಹಿಂದಿನ ಸೀಟಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಡ್ರೈವರ್ ಅಳ್ತಾ ಇದ್ದಾರೆ" ಎಂದು ಹೇಳಿದಾಗಲೇ ನನಗೆ ಅದು ಗೊತ್ತಾದದ್ದು.

ಕಂಡಕ್ಟರ್ ಮೋನಪ್ಪ ಸುತ್ತು ಬಂದು ನನ್ನ ಕಿಟಕಿಯ ಕೆಳಗೆ ನಿಂತ.

"ಎಂತ ಮಾರಾಯ, ಯಾರು ಸತ್ತದ್ದು?"

"ಯಾರೂ ಇಲ್ಲ."

"ಮತ್ತೆ ಅಳುದು ಎಂತಕ್ಕೆ?"

ಗೊತ್ತಿಲ್ಲ ಎಂದೆ. ಅವನು ಪ್ರಯಾಣಿಕರಿಗೆ ಕೇಳುವ ಹಾಗೆ, "ಕಣ್ಣಿಗೆ ಧೂಳು ಬಿದ್ದದ್ದು" ಎಂದ. ಆ ಒಂದು ಸಲ ಅವನು ನನ್ನ ಮಾನ ಉಳಿಸಿದ. ಅದನ್ನು ಮರೆಯಬಾರದು ಎಂದು ಇಲ್ಲಿ ಬರೆದಿಟ್ಟಿದ್ದೇನೆ, ಏಕೆಂದರೆ ಮುಂದೆ ಅವನ ಬಗ್ಗೆ ಬೇರೆಯದನ್ನು ಬರೆಯಬೇಕಾಗಿದೆ.

ಅದು ಐವತ್ತರ ದಶಕದ ಕೊನೆಯ ಮಾತು. ಆಗ ನನಗೆ ಮೂವತ್ತು. ಪುತ್ತೂರು–ಸುಳ್ಯ ದಾರಿಯಲ್ಲಿ ಒಬ್ಬ ಖಾಸಗಿ ಧಣಿಯ ಬಸ್ಸು ಬಿಡುತ್ತಿದ್ದೆ. ಬಸ್ಸು ಬಿಡುವವನೆಂದರೆ ನಮ್ಮ ಕಡೆ ಆಗ ಸಣ್ಣ ಜನ ಅಲ್ಲ. ಮದುವೆಗೆ ಹೋದರೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕುತ್ತಿದ್ದರು. ನಾನೂ ಹಾಗೆಯೇ ಎದೆ ಮುಂದೆ ಮಾಡಿ ನಡೆಯುತ್ತಿದ್ದವನು. ಸತ್ತ ಹೆಂಡತಿಯನ್ನು ಸುಟ್ಟು ಬಂದು ಅಂಗಳದಲ್ಲಿ ಕೂತು ಅಳುತ್ತಿದ್ದ ನೆರೆಮನೆಯವನಿಗೆ, "ಸಾಕು ಮಾರಾಯ, ನೀನು ಗಂಡಸಲ್ವಾ" ಎಂದು ಹೇಳಿದವನು. ಅವನು ತಕ್ಷಣ ನಿಲ್ಲಿಸಿದ್ದ. ನನಗೆ ಆಗ ಅದು ಉಪಕಾರ ಮಾಡಿದ ಹಾಗೆ ಅನಿಸಿತ್ತು.

ಸುಳ್ಯದಲ್ಲಿ ಶುರುವಾದದ್ದು ನಿಲ್ಲಲಿಲ್ಲ. ದಿನಕ್ಕೆ ಒಂದು ಸಲ, ಮತ್ತೆ ಎರಡು, ನಾಲ್ಕು ಸಲ. ದುಃಖ ಅನ್ನಲಿಕ್ಕೆ ಅದರಲ್ಲಿ ದುಃಖವೂ ಇರಲಿಲ್ಲ. ಎದೆಯ ಮೇಲೆ ಒಂದು ಒದ್ದೆ ಗೋಣಿ ಹಾಕಿದ ಹಾಗೆ. ಊಟ ಮಣ್ಣು. ನಿದ್ದೆ ಬಂದರೂ ಎದ್ದಾಗ ಮಲಗಿದ್ದಕ್ಕಿಂತ ದಣಿವು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುವುದು ನನ್ನ ಕೈಯೋ ಬೇರೆಯವರದೋ ಎಂದು ಅನುಮಾನ.

ಪುತ್ತೂರಿನ ದರ್ಬೆಯಲ್ಲಿ ನಾವು ಡ್ರೈವರುಗಳು, ಕಂಡಕ್ಟರುಗಳು ಚಹಾ ಕುಡಿಯುವ ಒಂದು ಹೋಟೆಲಿತ್ತು. ಅಲ್ಲಿ ಮೋನಪ್ಪ ಒಂದು ಪಂಥ ಶುರುಮಾಡಿದ. ನನ್ನನ್ನು ಮೊದಲು ಅಳಿಸಿದವನಿಗೆ ಉಳಿದವರು ಚಹಾ ಕೊಡಿಸಬೇಕು. ಇದು ನನಗೆ ಗೊತ್ತಾದದ್ದು ಮೂರನೆಯ ದಿನ. ಅಷ್ಟರವರೆಗೆ, ಇವರೆಲ್ಲ ಯಾಕೆ ನನ್ನ ಹತ್ತಿರ ಬಂದು ಕೂತು ಮಾತಾಡುತ್ತಾರೆ, ಪಾಪ, ನನ್ನ ಮೇಲೆ ಎಷ್ಟು ಪ್ರೀತಿ ಎಂದು ನಾನು ಅಂದುಕೊಂಡಿದ್ದೆ. ಒಬ್ಬ ತನ್ನ ಸತ್ತ ತಂಗಿಯ ಕಥೆ ಹೇಳಿದ. ಅವನಿಗೆ ತಂಗಿಯೇ ಇರಲಿಲ್ಲ. ಇನ್ನೊಬ್ಬ, "ನಿನ್ನ ಅಮ್ಮ ಹೋಗುವಾಗ ನೀನು ಎಷ್ಟು ದೊಡ್ಡವ?" ಎಂದು ಬಹಳ ಮೆತ್ತಗೆ ಕೇಳಿದ. ಹನ್ನೆರಡು ವರ್ಷ, ತಂಗಿ ಪುಷ್ಪಳಿಗೆ ಎರಡು, ಅವಳನ್ನು ಸೊಂಟದಲ್ಲಿ ಕೂರಿಸಿಕೊಂಡೇ ಶಾಲೆಗೆ ಹೋಗುತ್ತಿದ್ದೆ ಎಂದು ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ತುಂಬಿತು.

"ಆಯ್ತು, ಆಯ್ತು. ನನ್ನ ಚಹಾ ತನ್ನಿ" ಎಂದ ಅವನು.

ಎಲ್ಲರೂ ನಕ್ಕರು. ಮೋನಪ್ಪ ನನಗೂ ಒಂದು ಚಹಾ ಹೇಳಿದ. "ಕುಡಿ, ಕುಡಿ. ನಿನ್ನಿಂದಲೇ ಅಲ್ವಾ ಇದೆಲ್ಲ." ನಾನು ಅದನ್ನು ಕುಡಿದೆ. ಈ ಕಥೆಯಲ್ಲಿ ನನಗೆ ಇವತ್ತಿಗೂ ಸಹಿಸಲಾಗದ್ದು ಅವರು ನಕ್ಕದ್ದಲ್ಲ, ನಾನು ಆ ಚಹಾ ಕುಡಿದದ್ದು.

ಧಣಿಯ ಕಿವಿಗೆ ಸುದ್ದಿ ಹೋಯಿತು. ಅವರು ಬೈಯಲಿಲ್ಲ. "ಮನೆಗೆ ಹೋಗು. ಸರಿ ಆದ ಮೇಲೆ ಬಾ. ಜನ ನಿನ್ನ ಬಸ್ಸು ಹತ್ತಲಿಕ್ಕೆ ಹೆದರ್ತಾರೆ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಬಸ್ಸು ಹತ್ತಲು ನನಗೇ ಹೆದರಿಕೆಯಾಗುತ್ತಿತ್ತು.

ಮನೆಗೆ ಹೋಗುವ ಮೊದಲು ಪುತ್ತೂರಿನಲ್ಲೇ ಒಬ್ಬ ಡಾಕ್ಟರಲ್ಲಿಗೆ ಹೋದೆ. ಹೊರಗಿನ ಕೋಣೆಯಲ್ಲಿ ಎದುರುಬದುರು ಎರಡು ಬೆಂಚು. ಒಂದರಲ್ಲಿ ಗಂಡಸರು, ಇನ್ನೊಂದರಲ್ಲಿ ಹೆಂಗಸರು. ಕಂಪೌಂಡರ್ ಚೀಟಿ ಬರೆಯುತ್ತಾ ಎಲ್ಲರಲ್ಲೂ ಕಾಯಿಲೆ ಕೇಳುತ್ತಿದ್ದ. ಜ್ವರ, ಭೇದಿ, ಕಾಲಿನ ಹುಣ್ಣು. ನನ್ನ ಸರದಿ ಬಂದಾಗ ನಾನು ಬಗ್ಗಿ, ಮೆಲ್ಲ, "ಅಳು ಬರ್ತದೆ" ಎಂದೆ.

"ಎಂತ ಬರ್ತದೆ?"

"ಅಳು."

ಅವನು ಪೆನ್ನು ಕೆಳಗಿಟ್ಟ. "ಅಳು ಬರುದಾ?" ಎಂದು ದೊಡ್ಡದಾಗಿ ಕೇಳಿ, ಎದುರಿನ ಬೆಂಚಿಗೆ ಕೈ ತೋರಿಸಿದ. "ಹಾಗಾದ್ರೆ ಆ ಬದಿಯಲ್ಲಿ ಕೂತ್ಕೊಳ್ಳಿ."

ಗಂಡಸರ ಬೆಂಚಿನಲ್ಲಿ ಜ್ವರದವನೂ ನಕ್ಕ. ನಾನು ವಾಪಸು ಹೋಗಬಹುದಿತ್ತು. ಆದರೆ ಆ ದಿನಗಳಲ್ಲಿ ನನಗೆ ಯಾರು ಏನು ಹೇಳಿದರೂ ಮಾಡುವುದೊಂದೇ ಗೊತ್ತಿದ್ದದ್ದು. ಹೋಗಿ ಹೆಂಗಸರ ಬೆಂಚಿನ ತುದಿಯಲ್ಲಿ ನಿಂತೆ. ತಲೆಗೆ ಬಿಳಿ ಬಟ್ಟೆ ಹಾಕಿದ್ದ ಒಬ್ಬ ಮುದುಕಿ, ಬ್ಯಾರಿ ಹೆಂಗಸು, ಸರಿದು ಜಾಗ ಕೊಟ್ಟಳು. ನಾನು ಕೂತೆ. ಸ್ವಲ್ಪ ಹೊತ್ತಿನ ಮೇಲೆ ತನ್ನ ಎಲೆಚೀಲ ಬಿಚ್ಚಿ ಒಂದು ವೀಳ್ಯದೆಲೆಗೆ ಸುಣ್ಣ ಹಚ್ಚಿ ನನ್ನ ಕಡೆ ಚಾಚಿದಳು. ನನ್ನ ಮುಖ ನೋಡಲಿಲ್ಲ. ಆ ಕೋಣೆಯಲ್ಲಿ ನನ್ನ ಮುಖ ನೋಡದಿದ್ದವಳು ಅವಳೊಬ್ಬಳೇ.

ಡಾಕ್ಟರು ಎದೆಗೆ ಕೊಳವೆ ಇಟ್ಟರು, ನಾಲಗೆ ನೋಡಿದರು. "ಇದು ಹೆಂಗಸರಿಗೆ ಬರುವ ಕಾಯಿಲೆ. ನಿಮಗೆ ಹೇಗೆ ಬಂತು?" ಎಂದು ನನ್ನನ್ನೇ ಕೇಳಿದರು. ಕೆಂಪು ಔಷಧದ ಒಂದು ಬಾಟಲಿ ಕೊಟ್ಟು, ಬೆಳಗ್ಗೆ ಎದ್ದು ದಂಡ ಹೊಡೆಯಲು ಹೇಳಿದರು.

ಮನೆ ಮರ್ಕಂಜದಲ್ಲಿ. ಅಪ್ಪ, ಹೆಂಡತಿ ದೇವಕಿ, ಮದುವೆಗೆ ಬೆಳೆದ ತಂಗಿ ಪುಷ್ಪ. ನಾನು ಹಗಲುಹೊತ್ತು ಚೀಲ ಹಿಡಿದು ಬಂದದ್ದನ್ನು ನೋಡಿ ದೇವಕಿಗೆ ಏನೋ ತಿಳಿಯಿತು. ಒಳಗೆ ಕರೆದುಕೊಂಡು ಹೋಗಿ ಕೇಳಿದಳು. ಹೇಳಿದೆ, ಹೇಳುತ್ತಲೇ ಅತ್ತೆ. ಅವಳು ಗಾಬರಿಯಲ್ಲಿ ಬಾಗಿಲು ಮುಚ್ಚಿದಳು. ತುಂಬಾ ಹೊತ್ತಿನ ಮೇಲೆ, "ನೀವೇ ಹೀಗೆ ಅತ್ರೆ ನಾನು ಯಾರ ಹತ್ರ ಅಳುದು?" ಎಂದಳು. ಅದು ಕೋಪವೋ ನಿಜವಾದ ಪ್ರಶ್ನೆಯೋ ನನಗೆ ಆಗ ಗೊತ್ತಾಗಲಿಲ್ಲ. ಈಗ ಅನಿಸುತ್ತದೆ, ನಿಜವಾದ ಪ್ರಶ್ನೆಯೇ.

ಊರಿನವರಿಗೆ ಏನು ಹೇಳುವುದು ಎಂಬುದನ್ನು ಅವಳೇ ಕಂಡುಹಿಡಿದಳು. ಕಾಮಾಲೆ. ಬಸ್ಸಿನ ಊಟ, ಹೋಟೆಲಿನ ನೀರು, ಕಾಮಾಲೆ ಬಂದಿದೆ. ಎಲ್ಲರೂ ನಂಬಿದರು. ಕಾಮಾಲೆ ಬಂದ ಗಂಡಸಿಗೆ ಎಷ್ಟು ಮರ್ಯಾದೆ ಎಂಬುದು ನನಗೆ ಆಗ ಗೊತ್ತಾಯಿತು. ನೆರೆಯವರು ನೆಲನೆಲ್ಲಿ ಅರೆದು ತಂದರು, ಎಳನೀರು ತಂದರು. ದರ್ಬೆಯಲ್ಲಿ ಯಾರೂ ಮುಟ್ಟದಿದ್ದ ನನ್ನ ಭುಜವನ್ನು ಇಲ್ಲಿ ಮುಟ್ಟಿ, "ಹೆದರುದು ಬೇಡ, ಸರಿ ಆಗ್ತದೆ" ಎಂದರು. ನಾನು ಇಲ್ಲದ ಕಾಯಿಲೆಗೆ ಒಂದೂವರೆ ತಿಂಗಳು ಉಪ್ಪಿಲ್ಲದ ಗಂಜಿ ಕುಡಿದೆ. ಯಾರಾದರೂ ಬರುವ ಸದ್ದಾದರೆ ದೇವಕಿ ನನ್ನ ಮುಖಕ್ಕೆ ನೀರು ಹಾಕಿ ಒರೆಸಿ, ಕಂಬಳಿ ಹೊದಿಸುತ್ತಿದ್ದಳು.

ಅಪ್ಪನಿಗೆ ಸತ್ಯ ಗೊತ್ತಿತ್ತು. ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಆದರೆ ಗಂಜಿಯಲ್ಲಿ ಕಾಮಾಲೆ ಇಳಿಯದ್ದನ್ನು ನೋಡಿ ಯಾರೋ, "ಬರೆ ಹಾಕಿಸಿ, ಒಂದೇ ದಿನದಲ್ಲಿ ಹೋಗ್ತದೆ" ಎಂದಾಗ ಅವರು ಬೇಡ ಎನ್ನಲಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಬರೆ ಹಾಕುವವನು ಬಂದ. ಅಂಗಳದಲ್ಲಿ ಐದಾರು ಜನ ಸೇರಿದರು. ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸಿ ನನ್ನ ಎರಡೂ ಮಣಿಕಟ್ಟಿನ ಮೇಲೆ ಇಟ್ಟ. ಚರ್ಮ ಸುಟ್ಟ ವಾಸನೆ ಬಂತು. ನಾನು ಅಳಲಿಲ್ಲ. ಯಾಕೆಂದರೆ ಅಳುವ ಕಾಯಿಲೆ ನೋವಿಗೆ ಬರುವಂಥದ್ದಾಗಿರಲಿಲ್ಲ. ಒಂದು ಹನಿಯೂ ಬರಲಿಲ್ಲ.

ಅಪ್ಪ ಒಂದೂವರೆ ತಿಂಗಳಲ್ಲಿ ಮೊದಲ ಸಲ ನನ್ನ ಕಡೆ ನೋಡಿ ಮಾತಾಡಿದರು. "ನೋಡು. ಮನಸ್ಸು ಮಾಡಿದ್ರೆ ಆಗ್ತದೆ ನಿನಗೆ."

ಅವರ ಕಣ್ಣಿನಲ್ಲಿ ಅಭಿಮಾನವಿತ್ತು. ಆ ಸಂಜೆ ನಾನು ಹಿತ್ತಲಿನಲ್ಲಿ ಬಟ್ಟೆ ಒಣಗುತ್ತಿದ್ದಲ್ಲಿ ನಿಂತು ಸುಮ್ಮನೆ ಅತ್ತೆ. ಪುಷ್ಪ ಬಂದವಳು ನನ್ನನ್ನು ನೋಡಿ, ಮುಖ ಒರೆಸಲು ಬೈರಾಸು ತೆಗೆದು ಕೈಗೆ ಕೊಟ್ಟು, ಬಟ್ಟೆ ಮಡಚುತ್ತಾ ನಾನು ನಿಲ್ಲಿಸುವವರೆಗೂ ಅಲ್ಲೇ ನಿಂತಿದ್ದಳು.

ಅದೇ ಸುಮಾರಿಗೆ ಬೆಳ್ಳಾರೆ ಕಡೆಯಿಂದ ಅವಳಿಗೆ ಸಂಬಂಧ ಬಂತು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ನನಗೆ ಇಲ್ಲಿಯವರೆಗೆ ಚೆನ್ನಾಗಿ ನೆನಪಿದೆ. ಇಲ್ಲಿಂದ ಮುಂದೆ ಎರಡು ಎರಡೂವರೆ ತಿಂಗಳು ನನ್ನ ತಲೆಯಲ್ಲಿ ಇಲ್ಲ. ಸ್ಲೇಟು ಒರೆಸಿದ ಹಾಗೆ ಹೋಗಿದೆ. ಒರೆಸಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ ತಲೆಗೆ ಕೊಟ್ಟ ಕರೆಂಟು. ಆಸ್ಪತ್ರೆಯ ಕೊನೆಯ ದಿನಗಳಷ್ಟೇ ಉಳಿದಿವೆ.

ಅಲ್ಲಿ ಬೆಳಗ್ಗೆ ನಮ್ಮನ್ನು ಬರಿಹೊಟ್ಟೆಯಲ್ಲಿ ಒಂದು ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಎದುರಿನ ಕೋಣೆಯ ಬಾಗಿಲಿಗೆ ಪರದೆ ಇರಲಿಲ್ಲ. ಮೊದಲು ಹೋದವನನ್ನು ಮಂಚಕ್ಕೆ ಮಲಗಿಸುವುದು, ನಾಲ್ಕು ಜನ ಕೈಕಾಲು ಹಿಡಿಯುವುದು, ಬಾಯಿಗೆ ರಬ್ಬರಿನ ತುಂಡು ಇಡುವುದು, ಎಲ್ಲ ಕಾಣುತ್ತಿತ್ತು. ಆಮೇಲೆ ಅವನ ಮೈ ಬಿಲ್ಲಿನ ಹಾಗೆ ಬಾಗುವುದೂ ಕಾಣುತ್ತಿತ್ತು. ನಿದ್ದೆಗೆ ಏನನ್ನೂ ಕೊಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಪೊಲೀಸ್ ಪೇದೆಯೊಬ್ಬ ಕೂರುತ್ತಿದ್ದ, ಆರಡಿಯ ಆಳು. ಸರದಿ ಹತ್ತಿರ ಬಂದ ಹಾಗೆ ಅವನು ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಒಬ್ಬ ಸಿಬ್ಬಂದಿ ದಿನಾ ಅವನಿಗೆ, "ಕಳ್ಳರನ್ನು ಹೇಗೆ ಹಿಡಿದೆ ಮಾರಾಯ ನೀನು?" ಎಂದು ಕೇಳುತ್ತಿದ್ದ. ದಿನಾ ಅದೇ ಮಾತು, ದಿನಾ ಅದೇ ನಗು. ಕರೆಂಟಿನಿಂದ ಪೇದೆಗೆ ಹಿಂದಿನ ದಿನದ್ದು ಮರೆತುಹೋಗುತ್ತಿದ್ದುದರಿಂದ, ಅವನಿಗೆ ಆ ಅವಮಾನ ಪ್ರತಿ ಸಲವೂ ಹೊಸದು.

ಅಲ್ಲಿದ್ದ ಒಬ್ಬ ಒಳ್ಳೆಯ ಮನುಷ್ಯ ಲಾದ್ರು, ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಮುದುಕ. ಕರೆಂಟಿನ ನಂತರ ಎಚ್ಚರವಾಗುವಾಗ ನಾನು ಯಾರು, ಎಲ್ಲಿದ್ದೇನೆ ಒಂದೂ ತಿಳಿಯುತ್ತಿರಲಿಲ್ಲ. ಬಾಯಿಯಲ್ಲಿ ರಕ್ತದ ರುಚಿ, ಬೆನ್ನು ಮುರಿದ ಹಾಗೆ ನೋವು. ಆಗ ಅವನು ಮಂಚದ ಪಕ್ಕ ಕೂತು, ಬಾಯಿ ಒರೆಸುತ್ತಾ ಒಂದೊಂದೇ ಹೇಳುತ್ತಿದ್ದ.

"ನೀನು ಕುಶಾಲಪ್ಪ. ಸುಳ್ಯದ ಬದಿಯವ. ಬಸ್ಸು ಬಿಡ್ತಿ. ಹೆಂಡತಿ ಉಂಟು, ದೇವಕಿ ಅಂತ. ಇವತ್ತು ಬುಧವಾರ. ಬೆಳಗ್ಗಿನ ಕೆಲಸ ಆಯ್ತು, ಇನ್ನು ಇವತ್ತು ಯಾರೂ ನಿನ್ನನ್ನು ಮುಟ್ಟುದಿಲ್ಲ."

ಕೊನೆಯ ಆ ಮಾತನ್ನು ಎರಡು ಸಲ ಹೇಳುತ್ತಿದ್ದ.

ಗುಣವಾಯಿತು. ಸುಳ್ಳು ಹೇಳಬಾರದು, ಗುಣವಾದದ್ದು ಆ ಕರೆಂಟಿನಿಂದಲೇ. ಒಂದು ಬೆಳಗ್ಗೆ ಕಾಫಿಗೆ ಕಾಫಿಯ ರುಚಿ ಬಂತು. ನಾನು ಅದನ್ನು ಲಾದ್ರುವಿಗೆ ಹೇಳಿದೆ. "ಹಾಗಾದ್ರೆ ನೀನು ಮನೆಗೆ ಹೋಗ್ತಿ" ಎಂದ.

ಮನೆಗೆ ಬಂದಾಗ ಪುಷ್ಪ ಇರಲಿಲ್ಲ.

"ಮದುವೆ ಆಯ್ತಲ್ಲ" ಎಂದರು ಅಪ್ಪ.

"ನಾನು ಎಲ್ಲಿದ್ದೆ?"

"ನಿನ್ನನ್ನು ಕರೆದೆವು. ನೀನು ಬರ್ಲಿಲ್ಲ. ನನ್ನನ್ನು ಕೇಳದೆ ನಿಶ್ಚಯ ಮಾಡಿದ್ದೀರಿ, ನಾನು ಮಂಟಪಕ್ಕೆ ಕಾಲಿಡುದಿಲ್ಲ ಅಂತ ಹಠ ಹಿಡಿದು ಕಡಬಕ್ಕೆ ಚಿಕ್ಕಮ್ಮನ ಮನೆಗೆ ಹೋದೆ."

ನಾನು ದೇವಕಿಯ ಕಡೆ ನೋಡಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ. ನನಗೆ ನೆನಪೇ ಇಲ್ಲದ ಮೇಲೆ ಇಲ್ಲ ಎಂದು ಹೇಗೆ ಹೇಳುವುದು? ನಾನು ನಂಬಿದೆ. ಸೊಂಟದಲ್ಲಿ ಹೊತ್ತು ಬೆಳೆಸಿದವಳ ಮದುವೆಗೆ ಹೋಗದಷ್ಟು ಸೊಕ್ಕು ನನಗಿತ್ತು ಎಂದು ನಂಬಿದೆ. ಎರಡು ಸಲ ಬೆಳ್ಳಾರೆಗೆ ಹೋದೆ. ಎರಡು ಸಲವೂ ಪುಷ್ಪ ಒಳಗಿನಿಂದ ಹೊರಗೆ ಬರಲಿಲ್ಲ. ಭಾವ ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಮೂರನೆಯ ಸಲ ಹೋಗಲಿಲ್ಲ.

ಹಳೆಯ ಧಣಿ ಬಸ್ಸು ಕೊಡಲಿಲ್ಲ. ಗುತ್ತಿಗಾರಿನ ಕಡೆ ಒಂದು ರಬ್ಬರ್ ತೋಟದ ಲಾರಿಗೆ ಸೇರಿದೆ. ಲಾರಿಯಲ್ಲಿ ಹಿಂದೆ ಕೂತು ನೋಡುವವರು ಇಲ್ಲ. ಅಲ್ಲಿ ಯಾರಿಗೂ ನನ್ನ ಹಿಂದಿನ ಕಥೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಹಾಗೆ ಏಳು ವರ್ಷ ಕಳೆಯಿತು. ನಡುವೆ ಎರಡು ಸಲ ಅದು ಮರಳಿ ಬರುವ ಹಾಗೆ ಆಯಿತು. ಊಟದ ರುಚಿ ಹೋಗುವುದು ಅದರ ಮೊದಲ ಗುರುತು. ಎರಡೂ ಸಲ ಮಂಗಳೂರಿಗೆ ಹೋಗಿ ಡಾಕ್ಟರನ್ನು ಕಂಡೆ. ಅಷ್ಟರಲ್ಲಿ ಮಾತ್ರೆಗಳು ಬಂದಿದ್ದವು, ಕರೆಂಟು ಬೇಕಾಗಲಿಲ್ಲ. ಇದನ್ನು ಓದುವವರಲ್ಲಿ ಯಾರಿಗಾದರೂ ಹೀಗಿದ್ದರೆ, ಬೆಂಚಿನಲ್ಲಿ ಯಾವ ಬದಿ ಕೂರಿಸುತ್ತಾರೋ ಎಂದು ಹೆದರಿ ಹೋಗದೆ ಇರಬೇಡಿ.

ಕಡಬದ ಚಿಕ್ಕಮ್ಮನಿಗೆ ಮೈಯಲ್ಲಿ ಹುಷಾರಿಲ್ಲ, ನಿನ್ನನ್ನು ನೋಡಬೇಕಂತೆ ಎಂದು ಹೇಳಿಕಳಿಸಿದ್ದರು. ಹೋದೆ. ಹಾಸಿಗೆಯಲ್ಲಿ ಎದ್ದು ಕೂರಲು ಅವರಿಂದ ಆಗುತ್ತಿರಲಿಲ್ಲ. ನನ್ನ ಕೈ ಹಿಡಿದು ಮಣಿಕಟ್ಟಿನ ಸುಟ್ಟ ಕಲೆಯ ಮೇಲೆ ಬೆರಳಾಡಿಸುತ್ತಾ, "ಕುಶಾಲ, ನಿನಗೆ ಇಲ್ಲಿ ಇದ್ದದ್ದು ನೆನಪುಂಟಾ?" ಎಂದು ಕೇಳಿದರು.

"ಇಲ್ಲ. ನಾನು ಹಠ ಮಾಡಿ ಬಂದೆ ಅಂತ ಅಪ್ಪ ಹೇಳಿದ್ರು."

"ನಿನ್ನ ಅಪ್ಪ ಕರ್ಕೊಂಡು ಬಂದು ಬಿಟ್ಟದ್ದು. ಮಂಟಪದಲ್ಲಿ ನೀನು ಅತ್ರೆ ಗಂಡಿನ ಕಡೆಯವರಿಗೆ ಗೊತ್ತಾಗ್ತದೆ, ಸಂಬಂಧ ಮುರಿತದೆ ಅಂತ. ಮದುವೆಯ ದಿನ ಬಂದು ಕರ್ಕೊಂಡು ಹೋಗ್ತೇನೆ ಅಂತ ನಿನಗೆ ಹೇಳಿ ಹೋದ್ರು. ನೀನು ನಂಬಿದೆ. ಆ ದಿನ ಬೆಳಗ್ಗೆ ಮಿಂದು, ಬಿಳಿ ಅಂಗಿ ಹಾಕಿ, ಜಗಲಿಯಲ್ಲಿ ಕೂತೆ. ಹತ್ತು ಗಂಟೆಗೆ ನಡೆದೇ ಹೋಗ್ತೇನೆ ಅಂತ ಎದ್ದೆ. ನಾನು ಒಳಗೆ ಕರೆದು, ಕೋಣೆಗೆ ಹೊರಗಿಂದ ಚಿಲಕ ಹಾಕಿದೆ. ನಾನೇ ಹಾಕಿದ್ದು, ಈ ಕೈಯಲ್ಲಿ. ಸಂಜೆವರೆಗೆ ಬಾಗಿಲು ಬಡಿದೆ ನೀನು. ಬೈಯ್ಲಿಲ್ಲ. ಚಿಕ್ಕಮ್ಮ, ನಾನು ಅಳುದಿಲ್ಲ, ನಾನು ಅಳುದಿಲ್ಲ ಅಂತ ಅಷ್ಟೇ ಹೇಳ್ತಾ ಇದ್ದದ್ದು."

ಆಮೇಲೆ ನಾನು ಊಟ ಬಿಟ್ಟದ್ದು, ಒಂಬತ್ತು ದಿನದ ಮೇಲೆ ಹೆದರಿ ಕಾರಿನಲ್ಲಿ ಮಂಗಳೂರಿಗೆ ಸಾಗಿಸಿದ್ದು, ಎಲ್ಲ ಹೇಳಿದರು. ಹೇಳಿ ಮುಗಿಸಿ, ಕ್ಷಮಿಸು ಎಂದು ಕೇಳಲಿಲ್ಲ. "ಇನ್ನು ನನಗೆ ನಿದ್ದೆ ಬರಬಹುದು" ಎಂದರು.

ಅಲ್ಲಿಂದ ನೇರ ಮರ್ಕಂಜಕ್ಕೆ ಬಂದೆ. ಅಪ್ಪ ಜಗಲಿಯಲ್ಲಿ ಕೂತು ಕತ್ತಿಗೆ ಹಿಡಿ ಹಾಕುತ್ತಿದ್ದರು. ನಾನು ಕೇಳಿದೆ. ಅವರು ಇಲ್ಲ ಎನ್ನಲಿಲ್ಲ.

"ಕೂಡಿ ಹಾಕಿದ್ದು ಆಯ್ತು. ಸುಳ್ಳು ಯಾಕೆ ಹೇಳಿದ್ದು? ಏಳು ವರ್ಷ ಅವಳು ನನ್ನ ಮುಖ ನೋಡ್ಲಿಲ್ಲ."

"ಮತ್ತೆ ಎಂತ ಹೇಳುದು? ಅಣ್ಣ ಕೋಣೆಯಲ್ಲಿ ಕೂತು ಅಳ್ತಾ ಇದ್ದಾನೆ ಅಂತ ಹೇಳುದಾ? ಸೊಕ್ಕಿನಿಂದ ಬರ್ಲಿಲ್ಲ ಅಂದ್ರೆ ಜನ ನಾಲ್ಕು ದಿನ ಬೈಯ್ತಾರೆ, ಅಷ್ಟೆ. ಸೊಕ್ಕು ಗಂಡಸಿಗೆ ಇರುವಂಥದ್ದು." ಹಿಡಿಯನ್ನು ನೆಲಕ್ಕೆ ಕುಟ್ಟಿ ಗಟ್ಟಿಯಾಯಿತೇ ಎಂದು ನೋಡಿದರು. "ನಾನು ನಿನ್ನ ಮಾನವೇ ಉಳಿಸಿದ್ದು."

ಅವರು ಅದನ್ನು ನಂಬಿದ್ದರು. ಅದಕ್ಕಿಂತ ದೊಡ್ಡ ಉಪಕಾರ ಒಬ್ಬ ಮಗನಿಗೆ ಮಾಡಲಿಕ್ಕಿಲ್ಲ ಎಂದು ನಂಬಿದ್ದರು. ನಾನು ಅವರೊಡನೆ ಜಗಳ ಮಾಡಲಿಲ್ಲ. ಮುಂದಿನ ವರ್ಷ ಅವರು ಹೋದಾಗ ಬೆಂಕಿ ಇಟ್ಟು ಬಂದೆ. ಕಣ್ಣಿನಲ್ಲಿ ನೀರು ಬರಲಿಲ್ಲ. ಊರಿನವರು ಅದನ್ನು ಮೆಚ್ಚಿಕೊಂಡರು.

ಚಿಕ್ಕಮ್ಮ ಹೇಳಿದ ವಾರವೇ ನಾನು ಬೆಳ್ಳಾರೆಗೆ ಹೋಗಿದ್ದೆ. ಮುಂದಿನದನ್ನು ಬರೆಯಲು ಪುಷ್ಪಳ ಒಪ್ಪಿಗೆ ಕೇಳಿದ್ದೇನೆ. ಭಾವ ಈಗ ಇಲ್ಲ, ಬರಿ ಎಂದಿದ್ದಾಳೆ.

ಭಾವ ಗದ್ದೆಗೆ ಹೋಗಿದ್ದರು. ಈ ಸಲ ನಾನು ಜಗಲಿಯಲ್ಲಿ ನಿಲ್ಲದೆ ನೇರ ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು, ತುರಿಯುತ್ತಲೇ ಇದ್ದಳು. ನಾನು ನಿಂತೇ ಎಲ್ಲ ಹೇಳಿದೆ. ಅಳು, ಬಸ್ಸು, ಮಂಗಳೂರು, ಕಡಬದ ಕೋಣೆ. ಕಾಮಾಲೆ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಅವಳ ಕೈ ನಿಂತಿತು.

"ಧಾರೆಯ ಹೊತ್ತಿಗೆ ನಾನು ಬಾಗಿಲಿನ ಕಡೆಯೇ ನೋಡ್ತಾ ಇದ್ದೆ" ಎಂದಳು. "ನೀನು ಬಂದು ಎಷ್ಟು ಬೇಕಾದ್ರೂ ಅಳ್ಬಹುದಿತ್ತು ಅಣ್ಣ. ನಮ್ಮ ಮನೆಯ ಒಬ್ಬ ಗಂಡಸಾದ್ರೂ ನಾನು ಹೋಗುದಕ್ಕೆ ಅತ್ತ ಹಾಗೆ ಆಗ್ತಿತ್ತು."

ಅವಳು ಅಳಲು ಶುರುಮಾಡಿದಳು. ನನಗೂ ಬಂತು. ಅದು ಕಾಯಿಲೆಯ ಅಳು ಆಗಿರಲಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಾಗುತ್ತದೆ. ಇದು ಬಿಸಿ ಇತ್ತು, ಬಂದ ಹಾಗೆ ಹಗುರವಾಗುತ್ತಿತ್ತು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆವು.

"ಇವರಿಗೆ ಗೊತ್ತಾಗುದು ಬೇಡ" ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಇವರು ಒಳ್ಳೆಯವರೇ. ಆದ್ರೆ ಈ ಮನೆಯಲ್ಲಿ ಮತ್ತೆ ನನ್ನ ಮಕ್ಕಳನ್ನು ನೋಡುದೇ ಬೇರೆ ಆಗ್ತದೆ."

ಹೇಳುದಿಲ್ಲ ಎಂದೆ. ಅಷ್ಟರಲ್ಲಿ ಅಂಗಳದಲ್ಲಿ ಭಾವ ಕಾಲು ತೊಳೆಯುವ ಸದ್ದು ಕೇಳಿತು. ಪುಷ್ಪ ಥಟ್ಟನೆ ಸೆರಗು ಎಳೆದಳು. ತನ್ನ ಮುಖ ಒರೆಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ನನ್ನ ಗಲ್ಲ ಹಿಡಿದು, ನನ್ನ ಕಣ್ಣು, ಕೆನ್ನೆ, ಮೂಗು, ಗಡಿಬಿಡಿಯಲ್ಲಿ ಒರಟಾಗಿ ಒರೆಸಿದಳು. ಕೂದಲು ಸರಿ ಮಾಡಿದಳು. ತನ್ನದನ್ನು ಹಾಗೆಯೇ ಬಿಟ್ಟಳು.

ಭಾವ ಒಳಗೆ ಬಂದು ನಮ್ಮಿಬ್ಬರನ್ನು ನೋಡಿದರು. ಅವಳ ಮುಖದಿಂದ ನೀರು ಇಳಿಯುತ್ತಲೇ ಇತ್ತು.

"ಅಂತೂ ರಾಜಿ ಆಯ್ತಾ?" ಎಂದು ನಕ್ಕರು. "ಹೆಂಗಸರಲ್ವಾ ಮಾರಾಯ್ರೆ, ಅಣ್ಣ ಬಂದ್ರೂ ಅಳು, ಬರದಿದ್ರೂ ಅಳು. ನೀವು ಬನ್ನಿ, ನಾವು ಹೊರಗೆ ಕೂತ್ಕೊಳ್ಳುವ."

ನಾನು ಎದ್ದು ಅವರ ಹಿಂದೆ ಜಗಲಿಗೆ ಹೋದೆ. ಅವರು ಲಾರಿಯ ಬಗ್ಗೆ ಕೇಳಿದರು, ನಾನು ಗುತ್ತಿಗಾರಿನ ರಸ್ತೆ ಎಷ್ಟು ಹಾಳಾಗಿದೆ ಎಂದು ಹೇಳಿದೆ. ಒಳಗೆ ಅವಳು ಇನ್ನೂ ಅಳುತ್ತಿದ್ದಳು.